ಊರಿಗೆ ಮೊಬೈಲ್ ಟವರ್ ಬರ್ತಿದೆ, ಪಕ್ಕದ ಮನೆಯವ್ರು ರೇಡಿಯೇಶನ್ ಅಂತ ತಡೀತಿದಾರೆ, ಗೊತ್ತಿರೋರು ಹೇಳಿ

ತೋಟದಮನೆ_ಹುಡುಗ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ನಮ್ದು ತೀರ್ಥಹಳ್ಳಿ ಕಡೆ, ಮೂರು ಕಡೆ ಗುಡ್ಡ, ತಗ್ಗಲ್ಲಿ ಹದಿನಾಲ್ಕು ಮನೆ. ಮನೆ ಹಿಂದಿನ ಗುಡ್ಡ ಹತ್ತಿ ಒಂದು ಹೊನ್ನೆಮರದ ಬುಡದಲ್ಲಿ ನಿಂತ್ರೆ ಎರಡು ಕಡ್ಡಿ ನೆಟ್‌ವರ್ಕ್, ಮನೆ ಒಳಗೆ ದೇವ್ರೇ ಗತಿ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ನನ್ನ ತಂಗಿ ಅದೇ ಮರದ ಕೆಳಗೆ ಟಾರ್ಪಲ್ ಕಟ್ಕೊಂಡು ಒಂದು ಮಳೆಗಾಲ ಇಡೀ ಕೂತಿದ್ಲು, ಒಂದು ಕೈಲಿ ಫೋನು, ಇನ್ನೊಂದು ಕೈಲಿ ಉಂಬಳಕ್ಕೆ ಹಾಕೋಕೆ ಉಪ್ಪು.

ಈಗ ಟವರ್ ಹಾಕೋರು ಬಂದು ನಮ್ಮ ಹಕ್ಕಲಲ್ಲಿ ಜಾಗ ಕೇಳಿದಾರೆ, ತಿಂಗಳ ಬಾಡಿಗೆ ಕೊಡ್ತಾರಂತೆ, ಅಪ್ಪ ಹೂಂ ಅಂದಾಗಿದೆ. ಪಕ್ಕದ ಮನೆ ದೊಡ್ಡಪ್ಪ ಮಾತ್ರ ಸುತಾರಾಂ ಬೇಡ ಅಂತ ಕೂತಿದಾರೆ. ಅವರ ಮನೆಗೆ ಸುಮಾರು 80 ಮೀಟರ್, ನಮ್ಮನೆಗೆ 150. ದಿನಾ ಬೆಳಿಗ್ಗೆ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಬರುತ್ತೆ: ಟವರಿಂದ ಕ್ಯಾನ್ಸರ್, ಗುಬ್ಬಿ ಸಾಯ್ತವೆ, ಜೇನು ಹೋಗುತ್ತೆ, ಲೇಟೆಸ್ಟ್ ಏನಂದ್ರೆ ಅಡಿಕೆ ಹರಳು ಉದುರುತ್ತಂತೆ. ಹರಳು ಉದುರೋದು ನಮ್ಮಲ್ಲಿ ಟವರ್ ಇಲ್ದೇನೇ ನಡೀತಿದೆ, ಅದು ಬೇರೆ ವಿಷ್ಯ. ನಾನು ಬಿಕಾಂ, ನಂಗೆ ಈ ಅಲೆಗಿಲೆ ಗೊತ್ತಿಲ್ಲ. ನಿಜವಾಗ್ಲೂ ಎಷ್ಟು ಅಪಾಯ? ಮನೇಲಿ ಅಜ್ಜಿ ಇದಾರೆ, ಅಕ್ಕನ ಮಗು ಎರಡು ವರ್ಷದ್ದು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಗುರೂ ನಮ್ ಪಿಜಿ ಟೆರೇಸ್ ಮೇಲೇ ಟವರ್ ಇದೆ, ಮೂರು ವರ್ಷದಿಂದ ಕೆಳಗೇ ಮಲಗ್ತಿದೀನಿ. ತಲೆಕೂದಲು ಉದುರಿರೋದು ಬೋರ್‌ವೆಲ್ ನೀರಿಂದ, ಟವರಿಂದಲ್ಲ 😂

ಹಳೇ_ರೇಡಿಯೋ

ಮೂವತ್ತು ವರ್ಷಕ್ಕಿಂತ ಜಾಸ್ತಿ ಟ್ರಾನ್ಸ್‌ಮಿಟರ್ ಪಕ್ಕದಲ್ಲೇ ಕೆಲಸ ಮಾಡಿ ರಿಟೈರ್ ಆದವನು ನಾನು, ಅದಕ್ಕೇ ಬಾಯಿ ಹಾಕ್ತಿದೀನಿ. ನಮ್ಮದು ರೇಡಿಯೋ ಸ್ಟೇಷನ್, ಮೀಡಿಯಂ ವೇವ್ (ಎಫ್‌ಎಮ್‌ಗಿಂತ ಹಳೇ ಥರದ ಪ್ರಸಾರ), 200 ಕಿಲೋವ್ಯಾಟ್, ಅಂದ್ರೆ ಎರಡು ಲಕ್ಷ ವ್ಯಾಟ್. ಅಲ್ಲಿ ಕಂಬ ಇಡೀ ಆಂಟೆನಾ, ಬುಡದಲ್ಲಿ ದೊಡ್ಡ ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತಿರುತ್ತೆ, ಹತ್ತಿರದ ಬೇಲಿ ತಂತಿಗೆ ಬೆರಳು ತಾಗಿದ್ರೆ ಚುರ್ ಅಂತ ಸುಡೋದು. ಹುಲ್ಲು ಕುಯ್ಯೋಕೆ ಬಂದವ್ರಿಗೆ ದಿನಾ ಕೂಗಿ ಹೇಳ್ಬೇಕಿತ್ತು. ಹಾಗಾಗಿ ರೇಡಿಯೋ ಅಲೆಗೆ ಶಕ್ತಿನೇ ಇಲ್ಲ ಅಂತ ನಾನು ಹೇಳಲ್ಲ. ಎಷ್ಟು ವ್ಯಾಟು, ಎಷ್ಟು ದೂರ, ಯಾವ ದಿಕ್ಕು, ಈ ಮೂರು ಕೇಳದೆ ಹೆದರೋದೂ ತಪ್ಪು, ಧೈರ್ಯ ಹೇಳೋದೂ ತಪ್ಪು.

ಮೊದಲು ವ್ಯಾಟು. ಮೊಬೈಲ್ ಟವರಿನ ಒಂದು ಆಂಟೆನಾಕ್ಕೆ 20 ವ್ಯಾಟ್ ಅಂತ ಇಟ್ಕೊಳ್ಳಿ (40, 60 ಕೂಡ ಇರುತ್ತೆ, ಆಮೇಲೆ ಗುಣಿಸೋಣ). ಅದು ಸುತ್ತಲೂ ಚೆಲ್ಲಲ್ಲ, ಟಾರ್ಚ್ ಥರ ಒಂದು ಕಡೆಗೆ ಕೂಡಿಸಿ ಬಿಡುತ್ತೆ, ಆ ದಿಕ್ಕಿಗೆ ಸುಮಾರು 50 ಪಟ್ಟು ಜೋರು. ಅಂದ್ರೆ ಆ ದಿಕ್ಕಲ್ಲಿ ನಿಂತವನಿಗೆ 1000 ವ್ಯಾಟ್ ಬಲ್ಬ್ ಇದ್ದಂಗೆ. ಈಗ 100 ಮೀಟರ್ ದೂರ ಹೋಗಿ. ಅಷ್ಟು ದೊಡ್ಡ ಗೋಳದ ಮೈ ಸುಮಾರು 1,25,600 ಚದರ ಮೀಟರ್. 1000ನ ಅದರಿಂದ ಭಾಗಿಸಿದ್ರೆ ಒಂದು ಚದರ ಮೀಟರಿಗೆ 0.008 ವ್ಯಾಟ್. ಮೂರ್ನಾಲ್ಕು ಪಟ್ಟು ಜಾಸ್ತಿ ಪವರ್ ಹಾಕಿದ್ರೂ 0.03. ನಮ್ಮ ದೇಶದ ಮಿತಿ 900 ಮೆಗಾಹರ್ಟ್ಸ್ ಮೊಬೈಲ್ ಅಲೆಗೆ 0.45, 1800ರದ್ದಕ್ಕೆ 0.9. ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು ಅದು, 2012ರ ಸೆಪ್ಟೆಂಬರಿಂದ ಜಾರಿಯಲ್ಲಿದೆ.

ಇನ್ನು ದಿಕ್ಕು. ಆಂಟೆನಾ ಬೀಮು ಹೆಚ್ಚುಕಮ್ಮಿ ಅಡ್ಡಡ್ಡ ಹೋಗುತ್ತೆ, ಚೂರೇ ಚೂರು ಕೆಳಗೆ ಬಗ್ಗಿರುತ್ತೆ. ಟವರ್ ಬುಡದಲ್ಲಿ ಬೀಳೋದು ಕಮ್ಮಿ. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಅಕ್ಷರಶಃ ಅದೇ. ಸಿಲ್ಕ್‌ಬೋರ್ಡ್ ಅವ್ರ ಪಿಜಿಗಿಂತ ಎದುರು ಬಿಲ್ಡಿಂಗಿನ ಮೇಲಿನ ಮಹಡಿಗೆ ಜಾಸ್ತಿ ಬೀಳ್ತಿರುತ್ತೆ.

ಸುಮಾ_ಹಾಸನ

ಲೆಕ್ಕ ಎಲ್ಲಾ ಸರಿ ಸರ್, ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯವ್ರೇ ಇದನ್ನ ಕ್ಯಾನ್ಸರ್ ಲಿಸ್ಟಲ್ಲಿ ಹಾಕಿದಾರಲ್ವಾ? ಅದನ್ಯಾಕೆ ಬಿಟ್ರಿ? ಮಿತಿ ಅಂತ ಸರ್ಕಾರ ಬರ್ದುಬಿಟ್ರೆ ಮಗು ಮೈ ಕೇಳುತ್ತಾ? ದಿನಕ್ಕೆ 24 ಗಂಟೆ ಬೀಳೋದು ಅದು. ನಾನು ಟವರ್ ಬೇಡ ಅಂತಿಲ್ಲ, ಆದ್ರೆ "ಏನೂ ಆಗಲ್ಲ ಬಿಡಿ" ಅಂತ ಹೇಳೋರನ್ನ ಕಂಡ್ರೆ ನಂಗೆ ನಂಬಿಕೆ ಬರಲ್ಲ.

ಹಳೇ_ರೇಡಿಯೋ

ಒಳ್ಳೇ ಪ್ರಶ್ನೆ ಕಣಮ್ಮ, ಬಿಟ್ಟಿದ್ದು ನನ್ನ ತಪ್ಪೇ. ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ರೇಡಿಯೋ ಅಲೆಗಳನ್ನ 2ಬಿ ಗುಂಪಿಗೆ ಹಾಕ್ತು, ಅಂದ್ರೆ "ಆದ್ರೂ ಆಗಬಹುದು, ಸಾಕ್ಷಿ ಗಟ್ಟಿ ಇಲ್ಲ" ಅನ್ನೋ ಗುಂಪು. ಅದಕ್ಕೆ ಮುಖ್ಯ ಕಾರಣ ಆಗಿದ್ದು ಕಿವಿಗೆ ಫೋನ್ ಒತ್ಕೊಂಡು ಗಂಟೆಗಟ್ಲೆ ಮಾತಾಡೋರ ಮೇಲೆ ಮಾಡಿದ ಅಧ್ಯಯನಗಳು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

24 ಗಂಟೆ ವಿಚಾರ. ಮಿತಿ ಹಾಕಿರೋದೇ ಯಾವಾಗ್ಲೂ ಬೀಳ್ತಾ ಇರುತ್ತೆ ಅಂತ ಇಟ್ಕೊಂಡು.

ಬೆಳಕು, ರೇಡಿಯೋ, ಎಕ್ಸ್‌ರೇ ಎಲ್ಲಾ ಒಂದೇ ಜಾತಿ, ವಿದ್ಯುತ್ಕಾಂತೀಯ ಅಲೆಗಳು, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡ್ತವೆ. ವ್ಯತ್ಯಾಸ ಇರೋದು ಅಲೆಯ ಉದ್ದದಲ್ಲಿ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಂದ್ರೆ ಒಂದೊಂದು ಅಲೆ 490 ಮೀಟರ್ ಉದ್ದ. ವೈಫೈದು 12 ಸೆಂಟಿಮೀಟರ್, ಗೇಣಿಗಿಂತ ಕಮ್ಮಿ. ಬೆಳಕಿಂದು ಕೂದಲೆಳೆಯ ನೂರನೇ ಒಂದು ಪಾಲು. ಅಲೆ ಗಿಡ್ಡ ಆದಷ್ಟೂ ಒಂದೊಂದು ಏಟು ಜೋರು. ಮರದಿಂದ ಮಾವಿನಕಾಯಿ ಬೀಳಿಸೋಕೆ ಕಲ್ಲು ಬೇಕು, ಒಂದೇ ಕಲ್ಲು ಸಾಕು. ಲಕ್ಷ ಮಲ್ಲಿಗೆ ಮೊಗ್ಗು ಎಸೆದ್ರೂ ಕಾಯಿ ಬೀಳಲ್ಲ. ಎಕ್ಸ್‌ರೇ ಕಲ್ಲು, ಜೀವಕೋಶದ ಒಳಗಿನ ಅಣು ಮುರಿಯುತ್ತೆ. ಟವರಿಂದು ಮೊಗ್ಗು.

ಸುಮಾ_ಹಾಸನ

ಮೊಗ್ಗನ್ನ ಮೂಟೆಗಟ್ಲೆ ಸುರಿದ್ರೆ ಕೊಂಬೆ ಮುರಿಯಲ್ವಾ ಸರ್?

ಹಳೇ_ರೇಡಿಯೋ

ಮುರಿಯುತ್ತೆ! ಅದಕ್ಕೇ ಮೈಕ್ರೋವೇವ್ ಓವನ್‌ನಲ್ಲಿ ಹಾಲು ಉಕ್ಕೋದು. ಮೂಟೆ ಸುರಿದ್ರೆ ಬಿಸಿ ಆಗುತ್ತೆ, ಮಿತಿ ಹಾಕಿರೋದೇ ಆ ಬಿಸಿಯ ಲೆಕ್ಕದ ಮೇಲೆ. ಬಿಸಿ ಬಿಟ್ಟು ಬೇರೇನಾದ್ರೂ ನಿಧಾನಕ್ಕೆ ಆಗುತ್ತಾ ಅಂತ ಈಗ್ಲೂ ನೋಡ್ತಾನೇ ಇದಾರೆ, ಆ 2ಬಿ ಇನ್ನೂ ಹಾಗೇ ಇದೆ. ಇಷ್ಟು ಹೇಳಿದ್ರೆ ನಂಬ್ತೀರಾ? 🙂

ಎಕ್ಸ್‌ರೇ_ರೂಮ್

ನಂಬೋ ವಿಷ್ಯ ಬಂತು ಅಂತ ಹೇಳ್ತೀನಿ. ಅದೇ ಲಿಸ್ಟಲ್ಲಿ 1ನೇ ಗುಂಪು ಅಂತ ಇದೆ, "ಖಂಡಿತ ಕ್ಯಾನ್ಸರ್ ಬರಿಸುತ್ತೆ" ಅನ್ನೋ ಗುಂಪು. ಅದರಲ್ಲಿ ತಂಬಾಕು ಇದೆ, ಹೆಂಡ ಇದೆ, ಮತ್ತೆ ತೀರ್ಥಹಳ್ಳಿಯವ್ರು ದಯವಿಟ್ಟು ಹೊಡೀಬೇಡಿ, ಅಡಿಕೆ ಇದೆ.

ತೋಟದಮನೆ_ಹುಡುಗ

ಅಣ್ಣಾ ಇದನ್ನ ಮಾತ್ರ ನಮ್ಮೂರಲ್ಲಿ ಜೋರಾಗಿ ಹೇಳ್ಬೇಡಿ 🙏 ದೊಡ್ಡಪ್ಪ ಈ ರೇಡಿಯೇಶನ್ ಭಾಷಣ ಮಾಡೋದೇ ಬಾಯಲ್ಲಿ ಕವಳ ಇಟ್ಕೊಂಡು.

ಎಕ್ಸ್‌ರೇ_ರೂಮ್

ಅದಕ್ಕೇ ಹೇಳಿದ್ದು 😄 ಒಂದು ಮಾತು ಮಾತ್ರ ಸೇರಿಸ್ಬೇಕು, ಆ ಗುಂಪುಗಳು ಹೇಳೋದು ಸಾಕ್ಷಿ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಜನ ಇವೆರಡನ್ನ ಕಲಸಿಬಿಡ್ತಾರೆ.

ನಾನು ಜಿಲ್ಲಾ ಕೇಂದ್ರದಲ್ಲಿ ರೇಡಿಯಾಲಜಿ ಟೆಕ್ನಿಷಿಯನ್. ದಿನಾ ನೋಡೋ ಗೊಂದಲ ಹೇಳ್ತೀನಿ. ಮೊನ್ನೆ ಒಬ್ರು ಅಜ್ಜಿ ಗರ್ಭಿಣಿ ಸೊಸೆನ ಕರ್ಕೊಂಡು ಬಂದಿದ್ರು, ಸ್ಕ್ಯಾನಿಂಗ್‌ಗೆ. "ಮೂರನೇ ಸಲ ಬರಿ ಸ್ಕ್ಯಾನಿಂಗ್ ಸ್ಕ್ಯಾನಿಂಗ್ ಅಂತೀರಿ, ಮಗುಗೆ ಕರೆಂಟ್ ಹೊಡೀತದೆ" ಅಂತ ಜಗಳ. ಅಲ್ಟ್ರಾಸೌಂಡ್ ಬರೀ ಶಬ್ದ ಅಜ್ಜಿ, ಕಿವಿಗೆ ಕೇಳದಷ್ಟು ಕೀರಲು ಶಬ್ದ, ಇದ್ರಲ್ಲಿ ಕಿರಣನೇ ಇಲ್ಲ ಅಂದೆ. ನಂಬ್ಲಿಲ್ಲ. ಅದೇ ಅಜ್ಜಿ ಹೊರಗೆ ಹೋಗ್ವಾಗ ತನ್ನ ಮೊಣಕಾಲು ನೋವಿಗೆ "ಒಂದು ಎಕ್ಸ್‌ರೇ ತೆಗೆದ್ಬಿಡಪ್ಪ, ಡಾಕ್ಟ್ರು ಚೀಟಿ ಯಾಕೆ" ಅಂದ್ರು!

ಎಮ್‌ಆರ್‌ಐ ಕೂಡ ಹಂಗೇ, ಆ ಸುರಂಗ ಕಂಡು ಜನ ನಡುಗ್ತಾರೆ. ಅಲ್ಲಿರೋದು ದೊಡ್ಡ ಆಯಸ್ಕಾಂತ ಪ್ಲಸ್ ರೇಡಿಯೋ ಅಲೆ. 1.5 ಟೆಸ್ಲಾ ಮಿಷಿನ್ ಆದ್ರೆ ಸುಮಾರು 64 ಮೆಗಾಹರ್ಟ್ಸ್, ನಿಮ್ಮ ಎಫ್‌ಎಮ್ ರೇಡಿಯೋ 88ರಿಂದ ಶುರು ಆಗುತ್ತಲ್ಲ, ಅದರ ಸ್ವಲ್ಪ ಕೆಳಗೆ. ಅಲ್ಲಿ ಭಯ ಪಡ್ಬೇಕಾದ್ದು ಅಲೆಗಲ್ಲ, ಜೇಬಲ್ಲಿರೋ ಕೀಲಿಕೈಗೆ, ಆಯಸ್ಕಾಂತ ಎಳ್ಕೊಳುತ್ತೆ.

ಕಲ್ಲು ಎಸೆಯೋದು ಎಕ್ಸ್‌ರೇ ಮತ್ತೆ ಸಿಟಿ ಸ್ಕ್ಯಾನ್. ಅದರಲ್ಲೂ ಎದೆ ಎಕ್ಸ್‌ರೇ ಒಂದಕ್ಕೆ ಸುಮಾರು 0.1 ಮಿಲಿಸೀವರ್ಟ್ (ಮೈಗೆ ಬೀಳೋ ಇಂಥ ಕಿರಣದ ಅಳತೆ). ಮಣ್ಣು ಕಲ್ಲು ಗಾಳಿ ಆಕಾಶದಿಂದ ಪ್ರತಿಯೊಬ್ರಿಗೂ ವರ್ಷಕ್ಕೆ ಸರಾಸರಿ 2.4 ಬೀಳ್ತಾನೇ ಇರುತ್ತೆ. ಎದೆಯ ಸಿಟಿ ಸ್ಕ್ಯಾನ್ ಮಾತ್ರ ಸುಮಾರು 7, ಎಪ್ಪತ್ತು ಎಕ್ಸ್‌ರೇ ತೆಗೆಸಿದಂಗೆ. ಕೊರೊನಾ ಟೈಮಲ್ಲಿ ಜನ ತರಕಾರಿ ಕೊಂಡಂಗೆ ಸಿಟಿ ಮಾಡಿಸ್ಕೊಂಡ್ರು, ಯಾರೂ ಆಗ ರೇಡಿಯೇಶನ್ ಅನ್ಲಿಲ್ಲ, ಸ್ಕೋರ್ ಎಷ್ಟು ಅಂತ ಮಾತ್ರ ಕೇಳಿದ್ರು. ನಾವು ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಹಾಕ್ಕೋತೀವಿ, ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ನಮಗೆಷ್ಟು ಬಿದ್ದಿದೆ ಅಂತ ಲೆಕ್ಕ ಬರುತ್ತೆ. ಟವರ್ ಹತ್ತೋ ಹುಡುಗರಿಗೆ ಆ ಬ್ಯಾಡ್ಜ್ ಕೊಟ್ರೂ ಅದು ಖಾಲಿನೇ ಬರುತ್ತೆ, ಯಾಕಂದ್ರೆ ಅದು ಕಲ್ಲು ಎಣಿಸೋ ಬ್ಯಾಡ್ಜು.

ಧಾರವಾಡ_ಪೇಢಾ

ಏನ್ ಛಂದ ಚರ್ಚಾ ನಡದೈತ್ರೀ! ನಾ ಸುಮ್ನ ಓದಾಕತ್ತಿದ್ದೆ, ಮೀಡಿಯಂ ವೇವ್ ಅಂದ ಕೂಡ್ಲೇ ತಡಕೊಳ್ಳಾಕ ಆಗ್ಲಿಲ್ಲ. ನಮ್ಮಪ್ಪಗ 765 ಕಿಲೋಹರ್ಟ್ಸ್ ಧಾರವಾಡ ಸ್ಟೇಷನ್ ಅಂದ್ರ ಊಟಾ ಬಿಟ್ಟು ಕೇಳಾವ. ನಮ್ಮವ್ವ ಮಿಕ್ಸರ್ ಹಚ್ಚಿದ್ಲಂದ್ರ ಸಾಕು ರೇಡಿಯೋ ಗರ್ರ್ರ್ ಅಂತಿತ್ತು, ಆಗ ಇಬ್ರಿಗೂ ಜಗಳ, ಚಟ್ನಿ ಮದ್ಲೋ ವಾರ್ತಾ ಮದ್ಲೋ ಅಂತ. ಅದ್ಯಾಕ ಹಂಗ ಆಕ್ಕಿತ್ತು? ಎಫ್‌ಎಮ್‌ನ್ಯಾಗ ಹಂಗ ಆಗಂಗಿಲ್ಲಲ್ಲ?

ಇನ್ನೊಂದು. ಮಳಿಗಾಲ ಶುರು ಆಗೂದ್ರಾಗ ರೇಡಿಯೋ ಚಟ್ ಚಟ್ ಅನ್ನಾಕ ಹತ್ತಿತಂದ್ರ ಅಪ್ಪ ಹೇಳಾವ "ಎಲ್ಲೋ ಮಿಂಚಾಕತ್ತೈತಿ, ಹೊಟ್ಟು ಮುಚ್ಚರ್ಯೋ" ಅಂತ. ಆಕಾಶ ನೋಡಿದ್ರ ಬಿಸಲಾ. ತಾಸು ಬಿಟ್ಟು ಮಳಿ ಬರತಿತ್ತು!

ಹಳೇ_ರೇಡಿಯೋ

ನಿಮ್ಮಪ್ಪ ದೊಡ್ಡ ವಿಜ್ಞಾನಿ ಕಣ್ರೀ. ಮಿಕ್ಸಿ ಮೋಟರಿನ ಕಾರ್ಬನ್ ಬ್ರಶ್‌ನಲ್ಲಿ ಕಿಡಿ ಹಾರುತ್ತೆ, ಪ್ರತಿ ಕಿಡಿನೂ ಒಂದು ಪುಟ್ಟ ಟ್ರಾನ್ಸ್‌ಮಿಟರ್. ಮಿಂಚು ಅದರ ದೊಡ್ಡಣ್ಣ. ಅವೆರಡೂ ಅಲೆಯ ಎತ್ತರ ಕೆಡಿಸ್ತವೆ, ಎಎಮ್‌ನಲ್ಲಿ, ಅಂದ್ರೆ ನಿಮ್ಮ ಮೀಡಿಯಂ ವೇವ್‌ನಲ್ಲಿ, ಹಾಡು ಕೂತಿರೋದೇ ಎತ್ತರದಲ್ಲಿ. ಎಫ್‌ಎಮ್‌ನಲ್ಲಿ ಹಾಡು ಕೂತಿರೋದು ಆವರ್ತನದಲ್ಲಿ, ಎತ್ತರ ಅಲ್ಲಾಡಿದ್ರೂ ರೇಡಿಯೋ ಕ್ಯಾರೆ ಅನ್ನಲ್ಲ. ಈಗಿನ ಕಾಲದಲ್ಲಿ ಮಿಕ್ಸಿಗಿಂತ ಕಳಪೆ ಎಲ್‌ಇಡಿ ಬಲ್ಬೇ ದೊಡ್ಡ ಶತ್ರು. ಟ್ರಾನ್ಸಿಸ್ಟರ್ ಹಿಡ್ಕೊಂಡು ಮನೆ ಸುತ್ತಿ ನೋಡಿ, ಯಾವ ಬಲ್ಬ್ ಕಳ್ಳ ಅಂತ ಐದು ನಿಮಿಷದಲ್ಲಿ ಸಿಗುತ್ತೆ.

ರಾತ್ರಿ ಆದ್ಮೇಲೆ ಮೀಡಿಯಂ ವೇವ್‌ನಲ್ಲಿ ದೂರದೂರದ ಸ್ಟೇಷನ್ ಸಿಗ್ತಿದ್ದದ್ದೂ ನೆನಪಿರ್ಬೇಕು. ಹಗಲು ಬಿಸಿಲಿಗೆ ವಾತಾವರಣದ ಮೇಲುಗಡೆ ಒಂದು ಪದರ ಆಗುತ್ತೆ, ಅದು ಈ ಅಲೆನ ನುಂಗುತ್ತೆ. ಸೂರ್ಯ ಮುಳುಗಿದ್ರೆ ಆ ಪದರ ಕರಗುತ್ತೆ, ಅಲೆ ಇನ್ನೂ ಮೇಲೆ ಹೋಗಿ ಬಡಿದು ವಾಪಸ್ ಇಳಿಯುತ್ತೆ.

ನಮ್ಮ ಆಕಾಶವಾಣಿ ಅನ್ನೋ ಹೆಸರೂ ಇಲ್ಲಿಯದೇ, ಗೊತ್ತಲ್ಲ? 1935ರಲ್ಲಿ ಮೈಸೂರಲ್ಲಿ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವ್ರು ತಮ್ಮ ಮನೇಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಶುರು ಮಾಡಿದ್ರು.

ಆಮೇಲೆ ನನ್ನದೊಂದು ಹಳೇ ತಕರಾರು, ಪೇಪರ್‌ನವ್ರು ಸ್ಪೆಕ್ಟ್ರಂಗೆ "ತರಂಗಾಂತರ" ಅಂತ ಬರೀತಾರೆ. ತರಂಗಾಂತರ ಅಂದ್ರೆ ಅಲೆಯಿಂದ ಅಲೆಗೆ ಇರೋ ಅಂತರ ಸ್ವಾಮೀ, ಅದನ್ನ ಹರಾಜು ಹಾಕೋಕೆ ಬರಲ್ಲ. ಹೇಳಿ ಹೇಳಿ ಸಾಕಾಯ್ತು.

ಕಡಲತಡಿ_ಭಟ್ರು

ಮಾರಾಯ್ರೆ ನಮ್ಮ ಕಡೆ ಮಳೆ ಅಂದ್ರೆ ಡಿಶ್ ಟಿವಿ ಹೋಯ್ತು ಅಂತಲೇ ಲೆಕ್ಕ. ಸೀರಿಯಲ್ ಕ್ಲೈಮ್ಯಾಕ್ಸಿಗೆ ಸರಿಯಾಗಿ ನೋ ಸಿಗ್ನಲ್. ಮೊಬೈಲು ಮಳೆಗೆ ಹೋಗುದಿಲ್ಲ, ಡಿಶ್ ಮಾತ್ರ ಯಾಕೆ ಹೋಗುದು?

ಹಳೇ_ರೇಡಿಯೋ

ಡಿಶ್ಶಿಂದು ಸುಮಾರು 12 ಗಿಗಾಹರ್ಟ್ಸ್, ಅಲೆ ಎರಡೂವರೆ ಸೆಂಟಿಮೀಟರ್. ಮಳೆಹನಿಗೆ ಆ ಅಳತೆ ಅಲೆ ಅಂದ್ರೆ ಇಷ್ಟ, ಹೀರಿ ಚೆದುರಿಸಿಬಿಡುತ್ತೆ. 36,000 ಕಿಲೋಮೀಟರಿಂದ ಬಳಲಿ ಬಂದಿರೋ ಸಿಗ್ನಲ್ಲು, ಕೊನೇ ನಾಲ್ಕೈದು ಕಿಲೋಮೀಟರ್ ಮೋಡ-ಮಳೇಲಿ ಸಾಯುತ್ತೆ. ಮೊಬೈಲ್ ಅಲೆ ಉದ್ದ, ಹನಿ ಪಕ್ಕ ದಾಟ್ಕೊಂಡು ಹೋಗುತ್ತೆ. ಮಳೇಲಿ ಮೊಬೈಲ್ ಹೋದ್ರೆ ತೊಂಬತ್ತು ಪಾಲು ಕರೆಂಟ್ ಹೋಗಿ ಟವರ್ ಬ್ಯಾಟ್ರಿ ಸತ್ತಿರುತ್ತೆ.

ಕಡಲತಡಿ_ಭಟ್ರು

ಅಂದ್ರೆ ಕ್ಲೈಮ್ಯಾಕ್ಸು ಮೊಬೈಲಲ್ಲೇ ನೋಡುದು. ಸರಿ.

ಸುಮಾ_ಹಾಸನ

ನಮ್ಮನೆ ಹತ್ರನೇ ಇಸ್ರೋದ ಎಂಸಿಎಫ್ ಇದೆ, ದೊಡ್ಡ ದೊಡ್ಡ ಡಿಶ್ ಇಟ್ಟು ಉಪಗ್ರಹ ನೋಡ್ಕೋತಾರೆ, 1982ರಿಂದ. ಅದಕ್ಕೆ ಯಾರೂ ಹೆದರಲ್ಲ, ಊರಿನ ಹೆಮ್ಮೆ ಅಂತೀವಿ. ನಾನೂ. ಈಗ ಯೋಚ್ನೆ ಮಾಡಿದ್ರೆ ನಗು ಬರ್ತಿದೆ.

ಸರಿ ಗುಬ್ಬಿ ವಿಷ್ಯ ಯಾರಾದ್ರೂ ಹೇಳಿ. ನಾನು ಚಿಕ್ಕವಳಿದ್ದಾಗ ಅಜ್ಜಿ ಮನೇಲಿ ಫೋಟೋ ಹಿಂದೆ ಗೂಡು ಇರ್ತಿತ್ತು, ಈಗ ಒಂದೂ ಇಲ್ಲ. ಅದು ಸುಳ್ಳಾ?

ಹಕ್ಕಿನೋಟ

ಗುಬ್ಬಿ ಕಮ್ಮಿ ಆಗಿರೋದು ನಿಜ, ಸಿಟಿಗಳಲ್ಲಿ ಕಣ್ಣಿಗೆ ಕಾಣುತ್ತೆ. ಟವರೇ ಕಾರಣ ಅಂತ ಸಾಬೀತಾಗಿಲ್ಲ. ನೀವೇ ಹೇಳಿದ್ರಲ್ಲ, ಫೋಟೋ ಹಿಂದೆ ಗೂಡು ಅಂತ. ಈಗ ಫೋಟೋ ಗೋಡೆಗೆ ಅಂಟ್ಕೊಂಡಿರುತ್ತೆ, ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಕಿಟಕಿಗೆ ಸೊಳ್ಳೆ ಜಾಲರಿ ಬಂತು. ದಿನಸಿ ಅಂಗಡಿ ಮುಂದೆ ಮೂಟೆ ಬಿಚ್ಚಿ ಅಕ್ಕಿ ರಾಗಿ ಚೆಲ್ತಿತ್ತು, ಈಗ ಎಲ್ಲಾ ಪ್ಯಾಕೆಟ್. ಮರಿಗೆ ಹುಳ ಬೇಕು ಗುಬ್ಬಿಗೆ, ಕಾಳಲ್ಲ, ಹುಳ ಎಲ್ಲಿದೆ, ಔಷಧಿ ಹೊಡೆದಾಯ್ತು. ಟವರ್ ಮೇಲೇ ಗೂಡು ಕಟ್ಟೋ ಕಾಗೆ ಹದ್ದು ಬೇಕಾದಷ್ಟು ನೋಡಿದೀನಿ. ಅದು ಸಾಕ್ಷಿ ಅಂತ ಹೇಳ್ತಿಲ್ಲ, ನೋಡಿದ್ದು ಹೇಳ್ದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ನಮ್ ಪಿಜೀಲಿ ಓವನ್ ಆನ್ ಮಾಡಿದ್ರೆ ವೈಫೈ ಸತ್ತೋಗುತ್ತೆ. ಮೀಟಿಂಗ್ ಮಧ್ಯ ಯಾರೋ ಪಾಪ್‌ಕಾರ್ನ್ ಇಡ್ತಾನೆ, ಮ್ಯಾನೇಜರ್ ಮುಖ ಅಲ್ಲೇ ಫ್ರೀಜು. ಓವನ್ ಲೀಕ್ ಆಗ್ತಿದೆಯಾ, ಸಾಯ್ತೀವಾ?

ಹಳೇ_ರೇಡಿಯೋ

ಓವನ್ 2.45 ಗಿಗಾಹರ್ಟ್ಸ್, ವೈಫೈ 2.4, ಇಬ್ರೂ ಒಂದೇ ಕೇರಿಯವ್ರು. ಓವನ್ ಒಳಗೆ 700-800 ವ್ಯಾಟ್, ನಿಮ್ಮ ರೂಟರ್ 0.1 ವ್ಯಾಟ್. ಬಾಗಿಲ ಸಂದಿಯಿಂದ ಎಳ್ಳಿನಷ್ಟು ಸೋರಿದ್ರೂ ರೂಟರ್ ಧ್ವನಿ ಮುಳುಗಿಹೋಗುತ್ತೆ, ನಿಮ್ಮ ಮೈಗೆ ಅದು ಲೆಕ್ಕಕ್ಕಿಲ್ಲ. ಬಾಗಿಲಲ್ಲಿ ತೂತು ತೂತಿನ ಜಾಲರಿ ಇದೆಯಲ್ಲ, ಬೆಳಕು ತೂರುತ್ತೆ, 12 ಸೆಂಟಿಮೀಟರ್ ಅಲೆ ತೂರಲ್ಲ. ಬಾಗಿಲು ಸೊಟ್ಟ ಆಗಿದ್ರೆ, ಸರಿ ಕೂರ್ತಿಲ್ಲ ಅಂದ್ರೆ ಮಾತ್ರ ಆ ಓವನ್ ಬಿಟ್ಟುಬಿಡಿ. ವೈಫೈನ 5 ಗಿಗಾಹರ್ಟ್ಸ್‌ಗೆ ಹಾಕಿ, ಮ್ಯಾನೇಜರ್ ಅಲ್ಲಾಡ್ತಾರೆ.

ಈಗ ತೋಟದಮನೆಯವ್ರಿಗೆ ಒಂದು ಕೆಲಸ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರಲ್ಲಿ ಸಿಮ್ ಸ್ಟೇಟಸ್ ಅಂತ ಇರುತ್ತೆ, ಅಲ್ಲಿ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಂತ ಮೈನಸ್ಸಲ್ಲಿ ತೋರಿಸುತ್ತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಮ್ಮಿ. ಮನೆ ಒಳಗೊಂದು, ಹೊನ್ನೆಮರದ ಹತ್ರ ಒಂದು ನೋಡಿ ಬರೀರಿ. ಬ್ಯಾಟ್ರಿ ಎಷ್ಟು ಹೊತ್ತು ಬರುತ್ತೆ ಅಂತಾನೂ.

ತೋಟದಮನೆ_ಹುಡುಗ

ನೋಡ್ಕೊಂಡು ಬಂದೆ ಸರ್. ಅಡುಗೆಮನೆ -118. ಜಗಲಿ -114. ಹೊನ್ನೆಮರ -92. ಬ್ಯಾಟ್ರಿ ಕತೆ ಕೇಳ್ಬೇಡಿ, ಬೆಳಿಗ್ಗೆ ಫುಲ್ ಚಾರ್ಜ್ ಮಾಡಿದ್ರೆ ಮಧ್ಯಾಹ್ನ ಊಟದ ಹೊತ್ತಿಗೆ 30 ಪರ್ಸೆಂಟ್, ಸುಮ್ನೆ ಮೇಜಿನ ಮೇಲಿಟ್ರೂ. ಅದೇ ಫೋನು ಶಿವಮೊಗ್ಗಕ್ಕೆ ತಗೊಂಡು ಹೋದ್ರೆ ರಾತ್ರಿವರೆಗೂ ಬರುತ್ತೆ. ಅಮ್ಮ ಜಗಲಿ ಮೂಲೇಲಿ ನಿಂತು ಅಕ್ಕನ ಹತ್ರ ಮಾತಾಡಿ ಬಂದ್ರೆ ಫೋನು ಕಾದ ಕಾವಲಿ ಥರ ಇರುತ್ತೆ.

ಹಳೇ_ರೇಡಿಯೋ

ಇದೇ ಬೇಕಿತ್ತು ನಂಗೆ. -118ಕ್ಕೂ -92ಕ್ಕೂ 26 ಡಿಬಿ ವ್ಯತ್ಯಾಸ, ಪ್ರತಿ 10 ಡಿಬಿಗೆ ಹತ್ತು ಪಟ್ಟು ಲೆಕ್ಕ, ಅಂದ್ರೆ ಸುಮಾರು 400 ಪಟ್ಟು. ಅಡುಗೆಮನೇಲಿ ನಿಮಗೆ ಸಿಗ್ತಿರೋ ಸಿಗ್ನಲ್ಲು ಮರದ ಹತ್ರದ್ದಕ್ಕಿಂತ 400 ಪಟ್ಟು ಕಮ್ಮಿ.

ಈಗ ನೋಡಿ, ಮಾತು ಒಂದೇ ಕಡೆಯಿಂದ ಆಗಲ್ಲ. ಟವರ್ ನಿಮ್ಮ ಜೊತೆ ಮಾತಾಡಿದಂಗೆ ನಿಮ್ಮ ಫೋನೂ ಟವರ್ ಜೊತೆ ಮಾತಾಡ್ಬೇಕು. ಟವರ್ ಹತ್ರ ಇದ್ರೆ ಫೋನು ಪಿಸುಗುಡುತ್ತೆ, ಟವರೇ ಅದಕ್ಕೆ "ಮೆಲ್ಲಗೆ ಮಾತಾಡು ಸಾಕು" ಅಂತ ಹೇಳ್ತಾ ಇರುತ್ತೆ. ದೂರ ಇದ್ರೆ, ಮಧ್ಯ ಗುಡ್ಡ ಇದ್ರೆ, ಫೋನು ಗಂಟಲು ಹರ್ಕೊಂಡು ಕೂಗುತ್ತೆ. 4ಜಿ ಫೋನ್ ಪೂರ್ತಿ ಕೂಗಿದ್ರೆ 0.2 ವ್ಯಾಟ್. ಹಳೇ 2ಜಿ ಫೋನ್ ಕೂಗಿದ್ರೆ 2 ವ್ಯಾಟ್ ತುಣುಕು ತುಣುಕಾಗಿ, ಕಾಲ್ ಬರೋಕೆ ಮುಂಚೆ ಟಿವಿ ಸ್ಪೀಕರಲ್ಲಿ ಟಡಡಟ್ ಟಡಡಟ್ ಅಂತಿತ್ತಲ್ಲ, ಅದೇ ತುಣುಕು. ಬ್ಯಾಟ್ರಿ ಖಾಲಿ ಆಗ್ತಿರೋದೂ ಇದಕ್ಕೇ, ಮೇಜಿನ ಮೇಲೆ ಇಟ್ಟಾಗ್ಲೂ ಅದು ಆಗಾಗ ಟವರ್ ಹುಡುಕಿ ಕೂಗ್ತಾನೇ ಇರುತ್ತೆ. ಅಮ್ಮನ ಫೋನ್ ಕಾವಲಿ ಆಗೋಕೂ ಅರ್ಧ ಕಾರಣ ಇದೇ, ಇನ್ನರ್ಧ ಮಾತು ಉದ್ದ ಆಗಿರುತ್ತೆ.

ಆ ಕೂಗು ಎಲ್ಲಿ? ಕಿವಿಯಿಂದ ಒಂದು ಸೆಂಟಿಮೀಟರ್. ಟವರ್ ಎಲ್ಲಿ? 80 ಮೀಟರ್. ಮೊದ್ಲು ಹೇಳಿದ್ದೆ ನೆನಪಿದೆಯಾ, ಆ 2ಬಿ ಸಂಶಯ ಹುಟ್ಟಿದ್ದು ಕಿವಿಗೆ ಒತ್ತಿದ ಫೋನಿಂದ ಅಂತ. ದೊಡ್ಡಪ್ಪನ ಮೈಗೆ ರೇಡಿಯೋ ಅಲೆ ಕಮ್ಮಿ ಬೀಳ್ಬೇಕು ಅಂದ್ರೆ ದಾರಿ ಟವರ್ ಬೇಡ ಅನ್ನೋದಲ್ಲ, ಟವರ್ ಹತ್ರ ಬರ್ಲಿ ಅನ್ನೋದು. ನಂಬೋಕೆ ಕಷ್ಟ, ಆದ್ರೆ ಲೆಕ್ಕ ಹಾಗೇ ಇದೆ.

ಅವರ ಫೋನಲ್ಲಿ ಸ್ಟಾರ್ ಹ್ಯಾಶ್ 07 ಹ್ಯಾಶ್ ಒತ್ತಿಸಿ, ಎಸ್‌ಎಆರ್ ಅಂತ ಒಂದು ಅಂಕಿ ಬರುತ್ತೆ, ಫೋನಿನ ಅಲೆನ ಮೈ ಎಷ್ಟು ಹೀರುತ್ತೆ ಅನ್ನೋ ಲೆಕ್ಕ ಅದು. ನಮ್ಮಲ್ಲಿ ಮಿತಿ ಕಿಲೋಗೆ 1.6 ವ್ಯಾಟ್. ಆ ಅಂಕಿ ಫೋನ್ ಪೂರ್ತಿ ಕೂಗಿದಾಗಿಂದು.

ಸುಮಾ_ಹಾಸನ

ಇದು ನಂಗೆ ಗೊತ್ತೇ ಇರ್ಲಿಲ್ಲ ಸರ್. ಮಗಳು ಲಿಫ್ಟ್ ಒಳಗೆ ಬಸ್ಸಲ್ಲಿ ಎಲ್ಲಾ ಕಿವಿಗೆ ಫೋನ್ ಇಟ್ಕೊಂಡೇ ಇರ್ತಾಳೆ, ಅವಳಿಗೆ ಮೊದ್ಲು ಇಯರ್‌ಫೋನ್ ಕೊಡಿಸ್ತೀನಿ. ಆದ್ರೂ ನಾನು ಒಂದು ಕೇಳ್ತೀನಿ, ತೋಟದಮನೆಯವ್ರೆ, ಟವರ್ ಹಾಕಿದ್ಮೇಲೆ ಅಳತೆ ಮಾಡ್ಸಿ. ಕಂಪ್ನಿಯವ್ರು ಹೇಳಿದ್ರು ಅಂತ ಬಿಡಬೇಡಿ.

ಹಳೇ_ರೇಡಿಯೋ

ನೂರಕ್ಕೆ ನೂರು ಸರಿ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಅಂತ ಪೋರ್ಟಲ್ ಇದೆ, 2017ರಿಂದ. ಅದರಲ್ಲಿ ನಿಮ್ಮ ಸುತ್ತ ಇರೋ ಟವರ್ ನೋಡ್ಬಹುದು, ಫೀಸ್ ಕಟ್ಟಿ ಅಳತೆಗೂ ಅರ್ಜಿ ಹಾಕ್ಬಹುದು. ಮೀಟರ್ ತಂದು ದೊಡ್ಡಪ್ಪನ ಅಂಗಳದಲ್ಲೇ ಇಟ್ಟು ಓದ್ತಾರೆ.

ಧಾರವಾಡ_ಪೇಢಾ

ಇಷ್ಟೆಲ್ಲಾ ಹೇಳಿದ್ರೂ ದೊಡ್ಡಪ್ಪ ಒಪ್ಪಂಗಿಲ್ಲ ನೋಡ್ರಿ. ನಮ್ಮೂರಾಗೂ ಹಿಂಗ ಆಗಿತ್ತು, ಅಲ್ಲಿ ರೇಡಿಯೇಶನ್ ಬರೇ ಹೆಸರಿಗೆ. ಏನಾರ ಬ್ಯಾರೇ ಇರತೈತಿ. ಚಾ ಕುಡಕೋತ ಕೇಳ್ರಿ.

ತೋಟದಮನೆ_ಹುಡುಗ

ಪೇಢಾ ಅವ್ರೇ, ನಿಮ್ ಬಾಯಿಗೆ ಸಕ್ಕರೆ ಹಾಕ.

ನಿನ್ನೆ ಸಂಜೆ ಹೋಗಿದ್ದೆ. ಮೊದ್ಲು ಸ್ಟೀಲ್ ಡಬ್ಬ ತಗೊಂಡು ಹೋಗಿ ಅವರದೇ ಟ್ರಾನ್ಸಿಸ್ಟರ್ ಆನ್ ಮಾಡಿ ಒಳಗಿಟ್ಟು ಮುಚ್ಚಳ ಹಾಕ್ದೆ, ಭದ್ರಾವತಿ ಸ್ಟೇಷನ್ ಗಪ್‌ಚುಪ್. ಮುಚ್ಚಳ ತೆಗೆದ್ರೆ ಮತ್ತೆ ಹಾಡು. ನಾಲ್ಕು ಸಲ ಅವರೇ ಮುಚ್ಚಿ ತೆಗೆದು ಮಾಡಿದ್ರು, ದೊಡ್ಡಮ್ಮಂಗೂ ಕರೆದು ತೋರಿಸಿದ್ರು. "ಅಂದ್ರೆ ಈ ಅಲೆ ಇಷ್ಟು ವರ್ಷದಿಂದ ನಮ್ಮ ಜಗಲೀಲೇ ಓಡಾಡ್ತಾ ಇತ್ತಲ್ಲೋ" ಅಂದ್ರು. ನಾನು ಹೂಂ ಅಂದೆ. ಡಿಬಿಎಂ ಎಲ್ಲಾ ಹೇಳ್ದೆ, ಫೋನ್ ಕೂಗೋದು ಹೇಳ್ದೆ, ಅಡಿಕೆ ವಿಷ್ಯ ಮಾತ್ರ ಹೇಳೋ ಧೈರ್ಯ ಬರ್ಲಿಲ್ಲ. ಎಲ್ಲಾ ಕೇಳಿ ಆಮೇಲೆ ಕಾಫಿ ಲೋಟ ಇಟ್ಟು, "ಅಲೆ ಇರ್ಲಿ ಬಿಡೋ, ಆ ಜನರೇಟರ್ ಎಲ್ಲಿಡ್ತಾರೆ ಅಂತ ಕೇಳಿದೀಯಾ?" ಅಂದ್ರು.

ಅಷ್ಟೇ ಸರ್. ಅವರ ಭಾಮೈದನ ಊರಲ್ಲಿ ಟವರ್ ಇದೆಯಂತೆ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಡೀಸೆಲ್ ಜನರೇಟರ್ ರಾತ್ರಿಯಿಡೀ ಡಗಡಗಡಗ ಅನ್ನುತ್ತಂತೆ, ಮಲಗೋ ಕೋಣೆ ಕಿಟಕಿ ಪಕ್ಕಕ್ಕೇ. ಅಲ್ಲಿಗೆ ಹೋಗಿ ಎರಡು ರಾತ್ರಿ ನಿದ್ದೆಗೆಟ್ಟು ಬಂದಿದಾರೆ. ಅದನ್ನ ಹೇಳಿದ್ರೆ ಯಾರೂ ಕೇಳಲ್ಲ, ರೇಡಿಯೇಶನ್ ಅಂದ್ರೆ ಪಂಚಾಯ್ತಿಯವ್ರೂ ಕಿವಿ ಕೊಡ್ತಾರೆ ಅಂತ ಅಂದ್ಕೊಂಡಿದ್ರು. ಬಾಡಿಗೆ ನಮಗೆ, ಸದ್ದು ಅವರಿಗೆ ಅನ್ನೋದೂ ಒಳಗಿತ್ತು, ಅದನ್ನ ದೊಡ್ಡಮ್ಮ ಒಳಗಿಂದ ಹೇಳಿದ್ರು.

ಅಪ್ಪ ಈಗ ಟವರಿನವ್ರಿಗೆ ಫೋನ್ ಮಾಡೋಕೆ ಹೊನ್ನೆಮರದ ಹತ್ರ ಹೋಗಿದಾರೆ, ಜನರೇಟರ್‌ನ ಹಕ್ಕಲಿನ ಮೇಲ್ಗಡೆ ಮೂಲೆಗೆ ಇಡೋಕೆ ಆಗುತ್ತಾ ಅಂತ ಕೇಳೋಕೆ. ಯಾರಿಗಾದ್ರೂ ಗೊತ್ತಾ, ಸದ್ದು ಕಮ್ಮಿ ಇರೋ ಜನರೇಟರ್‌ಗೆ ಅಗ್ರಿಮೆಂಟಲ್ಲೇ ಬರೆಸ್ಕೋಬಹುದಾ? ಸೋಲಾರ್, ಬ್ಯಾಟ್ರಿ ಇಟ್ಟಿರೋ ಟವರ್ ನೋಡಿದೋರು ಇದ್ರೆ ಹೇಳಿ.